ಅಕ್ಕನ ಹೆಬ್ಬೆಟ್ಟು, ನನ್ನ ಸಹಿ

"ಅವಳೇ ಒಪ್ಪಿ ಹೆಬ್ಬೆಟ್ಟು ಒತ್ತಿದ್ದು." ನಮ್ಮ ಮನೆಯಲ್ಲಿ, ಅಂದರೆ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ, ಕಥೆ ಹೀಗಿದೆ. ಭಾವನ ಊರು ಕುಣಿಗಲ್. ಅಲ್ಲಿ ಅದು ಸ್ವಲ್ಪ ಬೇರೆ: "ಡಾಕ್ಟ್ರು ಹೇಳಿದ್ಮೇಲೆ ನಾವೇನ್ ಮಾಡಕಾಯ್ತದೆ?" ತುಮಕೂರಿನ ಆ ನರ್ಸಿಂಗ್ ಹೋಮಿನಲ್ಲಿ ಕೇಳಿದರೆ, "ಫ್ಯಾಮಿಲಿಯವರೇ ಬೇಕು ಅಂದ್ರು, ಮಾಡಿಕೊಟ್ವಿ." ಮೂರೂ ಕಡೆಯವರು ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತಿರುವುದು ಒಂದೇ ಸಂಗತಿಯನ್ನು. ಕಣ್ಣು ಕಾಣದ ನನ್ನ ಅಕ್ಕನಿಗೆ ಮೊದಲ ಹೆರಿಗೆಯ ಸಿಸೇರಿಯನ್ ಮಾಡುವಾಗ, ಅವಳಿಗೆ ಒಂದು ಮಾತೂ ಹೇಳದೆ, ಇನ್ನು ಮಕ್ಕಳಾಗದ ಹಾಗೆ ಟ್ಯೂಬೆಕ್ಟಮಿಯನ್ನೂ ಮಾಡಿ ಮುಗಿಸಿದರು.

ನಾನು ಪಿಯುಸಿಯಿಂದ ಡಿಬೇಟ್ ಮಾಡಿಕೊಂಡು ಬಂದವಳು. ಎದುರಿನವರ ವಾದದಲ್ಲಿ ನಾನು ಮೊದಲು ಹುಡುಕುವುದು ಪರೀಕ್ಷೆ ಮಾಡಬಹುದಾದ ಒಂದು ಮಾತನ್ನು. "ಅವಳು ಒಪ್ಪಿದಳು" ಅನ್ನುವುದನ್ನು ಪರೀಕ್ಷೆ ಮಾಡುವುದು ಕಷ್ಟ. ಒಪ್ಪಿಗೆ ಮನಸ್ಸಿನ ಒಳಗಿನ ವಿಷಯ ಅಂತ ಜಾರಿಕೊಳ್ಳಬಹುದು. "ಹೆಬ್ಬೆಟ್ಟು ಒತ್ತಿದಳು" ಅನ್ನುವುದನ್ನು ಮಾಡಬಹುದು. ನಮ್ಮಕ್ಕ ಹೆಬ್ಬೆಟ್ಟು ಒತ್ತುವವಳೇ ಅಲ್ಲ.

ಅವಳು ಬಿ.ಎ. ಓದಿದ್ದಾಳೆ. ಗುಬ್ಬಿಯ ಒಂದು ಸರ್ಕಾರಿ ಆಫೀಸಿನಲ್ಲಿ ಎಸ್‌ಡಿಎ. ತುಮಕೂರಿನ ಮರಳೂರು ಬಡಾವಣೆಯ ಬಾಡಿಗೆ ಮನೆಯಿಂದ ದಿನಾ ಹೋಗಿ ಬರುತ್ತಾಳೆ. ಹೈಸ್ಕೂಲಿನಲ್ಲಿ ಹಾಸ್ಟೆಲಿನ ಟೀಚರ್ ಒಬ್ಬರು ಅವಳಿಗೆ ಸಹಿ ಕಲಿಸಿದರು. ಮದುವೆ ಕರೆಯೋಲೆಯ ದಪ್ಪ ರಟ್ಟಿನಲ್ಲಿ ಉದ್ದಕ್ಕೆ ಒಂದು ಕಿಂಡಿ ಕತ್ತರಿಸಿ, ಆ ಕಿಂಡಿಯನ್ನು ಕಾಗದದ ಮೇಲೆ ಇಟ್ಟು, ಒಳಗೆ ಪೆನ್ನು ಓಡಿಸುವುದು. ಆ ರಟ್ಟು ಈಗಲೂ ಅವಳ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇರುತ್ತದೆ. ಸಹಿ ಅಂದರೆ ಹುಡುಗಾಟದ ಗೆರೆಯಲ್ಲ. ಹೆಸರು ಪೂರ್ತಿ, ಒತ್ತಕ್ಷರದ ಸಮೇತ.

ಕೆಲಸಕ್ಕೆ ಸೇರಿದ ವಾರ ಗುಬ್ಬಿಯಲ್ಲಿ ಬ್ಯಾಂಕ್ ಅಕೌಂಟ್ ಮಾಡಿಸಲು ನಾನೂ ಹೋಗಿದ್ದೆ. ಮ್ಯಾನೇಜರು ನನ್ನ ಮುಖ ನೋಡಿಕೊಂಡು, "ಇಂಥವರಿಗೆ ಹೆಬ್ಬೆಟ್ಟೇ ಸೇಫು ಮೇಡಂ" ಅಂದರು.

"ಸಾರ್, ಕಸ್ಟಮರ್ ನಾನು," ಅಂದಳು ಅಕ್ಕ. "ಅವಳು ಬಸ್ಸಲ್ಲಿ ಸೀಟ್ ಹಿಡಿಯೋಕೆ ಬಂದವಳು."

"ಅಲ್ಲಮ್ಮ, ನಿಮ್ಮ ಸೈನ್ ಒಂದೊಂದು ಸಲ ಒಂದೊಂದು ಥರ ಬಂದ್ರೆ?"

ಅಕ್ಕ ನನ್ನ ಕಡೆ ತಿರುಗಿದಳು. "ಗೋಡೆ ಮೇಲೆ ಇವರ ಸೈನ್ ಇರೋ ನೋಟಿಸ್ ಇದೆಯೇನೇ? ಹೆಂಗಿದೆ?"

"ಒಂದು ಸೊಟ್ಟ ಗೆರೆ, ಕೆಳಗೆ ಎರಡು ಚುಕ್ಕೆ," ಅಂದೆ.

"ನಂದು ಓದೋಕಾದ್ರೂ ಆಗುತ್ತೆ ಸಾರ್."

ಅವತ್ತು ರಟ್ಟು ಇಟ್ಟು ಸಹಿ ಮಾಡಿಯೇ ಬಂದಳು. ನಮ್ಮಿಬ್ಬರ ನಡುವೆ ಒಂದು ಕಟ್ಟುಪಾಡು ಇತ್ತು. ಯಾವ ಕಾಗದವೇ ಆಗಲಿ, ಗ್ಯಾಸ್ ಏಜೆನ್ಸಿಯದ್ದಾಗಲಿ, ಮನೆ ಬಾಡಿಗೆಯ ಕರಾರಾಗಲಿ, ನಾನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಜೋರಾಗಿ ಓದಬೇಕು. ಆಮೇಲೆ ರಟ್ಟು. ನಡುವೆ ಹಾರಿಸಿದರೆ ಅವಳಿಗೆ ಗೊತ್ತಾಗುತ್ತಿತ್ತು. "ಉಸಿರು ತಗೊಳ್ಳದೆ ಎರಡು ಸಾಲು ದಾಟಿದ್ಯಲ್ಲ, ವಾಪಸ್ ಬಾ" ಅನ್ನುತ್ತಿದ್ದಳು.

ಭಾವನಿಗೂ ಕಣ್ಣು ಕಾಣುವುದಿಲ್ಲ. ತುಮಕೂರಿನ ಬ್ಯಾಂಕೊಂದರಲ್ಲಿ ಕ್ಲರ್ಕ್. ಇಬ್ಬರೂ ಮೆಚ್ಚಿ ಮದುವೆಯಾದವರು. ಅಕ್ಕ ಬಸುರಿ ಅಂತ ಗೊತ್ತಾದಾಗ ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು, ಮಗುವನ್ನು ನೋಡಿಕೊಳ್ಳುವವರು ಯಾರು? ಆ ಪ್ರಶ್ನೆಯನ್ನು ಸಹ ಅವಳನ್ನು ಕೇಳಲಿಲ್ಲ, ನಮ್ಮಮ್ಮನನ್ನು ಕೇಳಿದರು.

ಡಾಕ್ಟರು ಕೊಟ್ಟ ದಿನಕ್ಕೆ ಇನ್ನೂ ಹತ್ತು ದಿನ ಇತ್ತು. ಭಾವ ಅವರ ತಂಗಿಯ ನಿಶ್ಚಿತಾರ್ಥಕ್ಕೆ ಕುಣಿಗಲ್‌ಗೆ ಹೋಗಿದ್ದರು. ಬೆಳಿಗ್ಗೆ ತಿಂಡಿ ಹೊತ್ತಿಗೆ ಅಕ್ಕನಿಗೆ ನೋವು ಶುರುವಾಯಿತು. ಅಮ್ಮ ಬಾಣಂತನಕ್ಕೆಂದು ಆಗಲೇ ಕಡಬದಿಂದ ಬಂದಿದ್ದಳು. ನಾವಿಬ್ಬರೂ ಆಟೋದಲ್ಲಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಮಗು ಅಡ್ಡ ಇದೆ, ಸಿಸೇರಿಯನ್ ಮಾಡಬೇಕು ಅಂದರು. ಅಕ್ಕನನ್ನು ಒಳಗೆ ಕರೆದುಕೊಂಡು ಹೋದ ಸಿಸ್ಟರ್ ಹತ್ತು ನಿಮಿಷಕ್ಕೆ ಪ್ಯಾಡ್ ಹಿಡಿದು ಹೊರಗೆ ಬಂದಳು. ಅದರಲ್ಲಿದ್ದ ಪ್ರತಿ ಹಾಳೆಯ ಮೇಲೂ ನೇರಳೆ ಇಂಕಿನ ಹೆಬ್ಬೆಟ್ಟು ಇತ್ತು, ಇನ್ನೂ ಆರಿರಲಿಲ್ಲ.

"ಅವಳು ಸೈನ್ ಮಾಡ್ತಾಳೆ ಸಿಸ್ಟರ್," ಅಂದೆ.

"ಅವರೂ ಅದನ್ನೇ ಹೇಳ್ತಿದ್ರು. ಈ ನೋವಲ್ಲಿ ಎಲ್ಲಮ್ಮ ಸೈನು? ಬೆರಳು ಹಿಡ್ಕೊಂಡು ಒತ್ತಿಸ್ದೆ, ಆಯ್ತು. ಕೆಳಗೆ ಸಾಕ್ಷಿ ಬೇಕು."

ಸಾಕ್ಷಿ ಹಾಕುವ ಮೊದಲು ನಾನು ಓದಿದೆ. ಇದನ್ನು ಯಾರೂ ನನ್ನ ಪರವಾಗಿ ಬದಲಾಯಿಸಿ ಹೇಳುವುದು ಬೇಡ. ಗಡಿಬಿಡಿಯಲ್ಲಿ ನೋಡಲಿಲ್ಲ, ಅಮ್ಮ ಹೇಳಿದ ಕಡೆ ಗೀಚಿದೆ, ಚಿಕ್ಕ ಹುಡುಗಿ, ಏನು ಗೊತ್ತಾಗುತ್ತೆ, ಇವೆಲ್ಲ ಅಮ್ಮ ನನಗೆಂದು ತಯಾರು ಮಾಡಿಟ್ಟ ಸಮಾಧಾನಗಳು. ನನಗಾಗ ಇಪ್ಪತ್ತೊಂದು. ಮೊದಲ ಹಾಳೆ ಸಿಸೇರಿಯನ್‌ಗೆ, ಎರಡನೆಯದು ಅರಿವಳಿಕೆಗೆ, ಮೂರನೆಯದು ಟ್ಯೂಬೆಕ್ಟಮಿಗೆ. ಮೂರನೆಯದನ್ನು ಓದಿ, "ಇದು ಯಾಕೆ?" ಅಂದೆ.

ಡಾಕ್ಟರ್ ಮೇಡಂ ತಾವೇ ಹೊರಗೆ ಬಂದರು. ಒಳ್ಳೆಯ ಮಾತುಗಾರ್ತಿ. ನನ್ನ ಭುಜದ ಮೇಲೆ ಕೈ ಇಟ್ಟರು. "ನೋಡಮ್ಮ, ಇಬ್ಬರಿಗೂ ಕಾಣಲ್ಲ. ಒಂದು ಮಗುನೇ ಅವರಿಗೆ ಜಾಸ್ತಿ. ಹೇಗೂ ಹೊಟ್ಟೆ ಓಪನ್ ಮಾಡ್ತಿದೀವಿ, ಇದು ಐದು ನಿಮಿಷದ ಕೆಲಸ. ನಾಳೆ ಇನ್ನೊಂದಾದ್ರೆ ಓಡಾಡೋಳು ನಿಮ್ಮಮ್ಮನೇ ತಾನೆ?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ಅಕ್ಕನ್ನ ಒಂದು ಮಾತು ಕೇಳ್ಬೇಕಲ್ವಾ ಮೇಡಂ?"

"ಈಗ ಅವಳನ್ನ ಟೆನ್ಷನ್ ಮಾಡೋದಾ? ನೀನು ಓದಿದೋಳು. ನಿನಗೆ ಅರ್ಥ ಆಗುತ್ತೆ."

ಓದಿದೋಳು! ಎಷ್ಟು ವೇದಿಕೆಗಳಲ್ಲಿ ಎಷ್ಟು ಜನರ ಮುಂದೆ ಗಂಟಲು ಹರಿದುಕೊಂಡಿದ್ದೇನೆ, ಆದರೆ ಆ ಕಾರಿಡಾರಿನಲ್ಲಿ ನನ್ನ ಬಾಯಿ ಕಟ್ಟಲು ಅದೊಂದು ಪದ ಸಾಕಾಯಿತು. ಸೋತೆ ಅಂದರೂ ಸುಳ್ಳಾಗುತ್ತದೆ. ಸೋತವರಿಗೆ ತಮ್ಮದೇ ಒಂದು ವಾದವಾದರೂ ಉಳಿದಿರುತ್ತದೆ. ನಾನು ಒಪ್ಪಿದೆ. ಅವರು ಹೇಳುತ್ತಿರುವುದರಲ್ಲೂ ನ್ಯಾಯ ಇದೆ ಅನ್ನಿಸಿತು. ಹೆಬ್ಬೆಟ್ಟಿನ ಕೆಳಗೆ ನನ್ನ ಸಹಿ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಭಾವ ಬಸ್ಸಿಳಿದು ಬಂದಾಗ ಎಲ್ಲ ಮುಗಿದಿತ್ತು, ಹೆಣ್ಣು ಮಗು. ಅಮ್ಮ ಕುಣಿಗಲ್‌ಗೆ ಫೋನ್ ಮಾಡಿ ಅಕ್ಕನ ಅತ್ತೆಗೆ ಎರಡೂ ಸುದ್ದಿ ಹೇಳಿದಳು. "ಒಳ್ಳೇದೇ ಆಯ್ತು ಬುಡಿ" ಅಂದರಂತೆ ಅವರು. ಹೀಗೆ ಎಲ್ಲರಿಗೂ ಗೊತ್ತಾಯಿತು. ಯಾರ ಹೊಟ್ಟೆಯೋ, ಯಾರ ಸಂಸಾರವೋ, ಆ ಇಬ್ಬರನ್ನು ಬಿಟ್ಟು. "ಸಮಯ ನೋಡಿ ನಾನೇ ಹೇಳ್ತೀನಿ" ಅಂದಳು ಅಮ್ಮ. ಸಮಯ ನೋಡುತ್ತಲೇ ಎರಡು ವರ್ಷವಾಯಿತು.

ಮಗುವನ್ನು ನೋಡಿಕೊಳ್ಳುವವರು ಯಾರು ಅಂತ ಕೇಳಿದವರಿಗಾಗಿ ಇದನ್ನೂ ಹೇಳುತ್ತೇನೆ. ಸಿರಪ್ ಹಾಕುವ ಸಿರಿಂಜಿಗೆ ಭಾವ ಬ್ಲೇಡಿನಲ್ಲಿ ಗುರುತಿನ ಕಚ್ಚು ಹಾಕಿದ್ದಾರೆ, ಉಗುರಿಗೆ ಸಿಕ್ಕರೆ ಅಳತೆ ಸರಿ. ಕಿರುಬೆರಳಿನಲ್ಲಿ ತುಟಿ ಮುಟ್ಟಿ ತುತ್ತು ಕೊಡುತ್ತಾಳೆ ಅಕ್ಕ, ಒಂದು ಅಗುಳು ಚೆಲ್ಲುವುದಿಲ್ಲ. ಆ ಪುಟ್ಟಿ ನನಗೆ ಬೊಂಬೆ ತೋರಿಸಬೇಕಾದರೆ ದೂರದಿಂದ ಎತ್ತಿ ಹಿಡಿಯುತ್ತಾಳೆ. ಅಪ್ಪ ಅಮ್ಮನಿಗಾದರೆ ಓಡಿ ಬಂದು ಕೈಯೊಳಗೆ ಇಡುತ್ತಾಳೆ. ಯಾರಿಗೆ ಹೇಗೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಎರಡು ವರ್ಷದ ಮಗುವಿಗೆ ತಿಳಿದದ್ದು ನಮಗೆ ತಿಳಿಯಲಿಲ್ಲ.

ಅಕ್ಕನಿಗೆ ಇನ್ನೊಂದು ಮಗು ಬೇಕಿತ್ತು. "ಯಾಕಕ್ಕ, ಒಂದು ಸಾಕಲ್ವಾ?" ಅಂತ ನಾನು ಅಳುಕಿನಿಂದಲೇ ಕೇಳಿದ್ದೆ.

"ಬೇಕು ಅನ್ನಿಸಿದೆ, ಬೇಕು. ಕಾರಣ ಕೇಳೋಕೆ ನೀನೇನು ಜಡ್ಜಾ?"

ಮೆಡಿಕಲ್ ಶಾಪಿನಿಂದ ಪ್ರೆಗ್ನೆನ್ಸಿ ಕಿಟ್ ತರುತ್ತಿದ್ದಳು. ಆ ಪಟ್ಟಿಯ ಮೇಲಿನ ಗೆರೆ ಕೈಗೆ ಸಿಗುವಂಥದ್ದಲ್ಲ. ಬಸುರೋ ಅಲ್ಲವೋ ಅನ್ನುವುದು ಅವಳಿಗಿಂತ ಮೊದಲು ಇನ್ನೊಬ್ಬರಿಗೆ ಗೊತ್ತಾಗಲೇಬೇಕು. ಆ ವಸ್ತುವನ್ನು ತಯಾರಿಸಿದವರು ಕಣ್ಣಿಲ್ಲದವಳೂ ಹೆರುತ್ತಾಳೆ ಅಂತ ಯೋಚಿಸಿಯೇ ಇಲ್ಲ. ಹಾಗಾಗಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ನನಗೆ ಕಳಿಸಿ ಫೋನ್ ಮಾಡುತ್ತಿದ್ದಳು. "ನೋಡೇ, ಬೇಗ ಹೇಳೇ."

"ಒಂದೇ ಗೆರೆ ಕಣಕ್ಕ."

ನಾಲ್ಕು ಸಲ. ನಾಲ್ಕನೇ ಸಲ ಅವಳು ಬಿಡಲಿಲ್ಲ. "ಸರಿಯಾಗಿ ನೋಡು. ಎರಡನೇದು ಒಂದೊಂದು ಸಲ ತೆಳ್ಳಗೆ ಇರುತ್ತಂತೆ." ನಾನು ಫೋಟೋವನ್ನು ಜೂಮ್ ಮಾಡಿ ನೋಡಿದೆ. ಎರಡನೇ ಗೆರೆ ಬರುವ ಹಾಗೇ ಇಲ್ಲ ಅಂತ ಸಹಿ ಹಾಕಿದವಳು ನಾನೇ, ಜೂಮ್ ಮಾಡಿದವಳೂ ನಾನೇ. "ಇಲ್ಲ ಕಣಕ್ಕ, ಒಂದೇ" ಅಂದೆ. ಈ ಬರಹದಲ್ಲಿ ನನಗೆ ಯಾರ ಮೇಲೆ ಅತಿ ಹೆಚ್ಚು ಸಿಟ್ಟಿದೆ ಅಂತ ಯಾರಾದರೂ ಕೇಳಿದರೆ, ಆ ಫೋನು ಹಿಡಿದವಳ ಮೇಲೆ.

ಕೊನೆಗೆ ಅವಳಿಗೆ ವಿಷಯ ಹೇಳಿದ್ದು ಒಂದು ಯಂತ್ರ. ಬೇರೆ ಡಾಕ್ಟರಿಗೆ ತೋರಿಸೋಣ ಅಂತ ಅವಳೂ ಭಾವನೂ ತೀರ್ಮಾನಿಸಿ, ಹಳೆಯ ಫೈಲಿನಿಂದ ಹೆರಿಗೆಯ ಡಿಸ್ಚಾರ್ಜ್ ಹಾಳೆ ತೆಗೆದಿದ್ದಾರೆ. ಇಬ್ಬರ ಫೋನಿನಲ್ಲೂ ಅಚ್ಚಾದ ಅಕ್ಷರವನ್ನು ಗಟ್ಟಿಯಾಗಿ ಓದುವ ಆ್ಯಪ್ ಇದೆ. ಭಾನುವಾರ ಬೆಳಿಗ್ಗೆ ಫೋನ್ ಬಂತು, "ಬಾ" ಅಂದಳು, ಅಷ್ಟೇ. ಹೋದೆ. ಅಕ್ಕ ಫೋನನ್ನು ಹಾಳೆಯ ಮೇಲೆ ಹಿಡಿದಳು. ಅದು ಅವಳ ಹೆಸರನ್ನು ತಪ್ಪುತಪ್ಪಾಗಿ ಓದಿತು. ಟ್ಯೂಬೆಕ್ಟಮಿ ಅನ್ನುವುದನ್ನು ಮಾತ್ರ ಸ್ಪಷ್ಟವಾಗಿ ಓದಿತು.

"ಆ ಪದದ ಅರ್ಥ ನನಗೆ ಗೊತ್ತು," ಅಂದಳು. "ಬೇರೆ ಯಾರದ್ದೋ ಹಾಳೆ ಬಂದು ಸೇರ್ಕೊಂಡಿರಬಹುದು. ನೋಡಿ ಹೇಳು."

"ನಿಂದೇ ಅಕ್ಕ."

"ನಿನಗೆ ಗೊತ್ತಿತ್ತಾ?"

"ಹೂಂ."

"ಆ ನಾಲ್ಕು ಸಲಾನೂ?"

"ಹೂಂ."

ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ ಭಾವ ಸ್ಟವ್ ಆರಿಸಿದ ಸದ್ದು ಕೇಳಿಸಿತು. ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಅಕ್ಕ ಹಾಳೆಯನ್ನು ಕವರಿಗೆ ಸೇರಿಸಿ, "ನೀನಿನ್ನು ಹೊರಡು" ಅಂದಳು.

ನನ್ನ ಮೇಲೇ ಬಂದ ಸಿಟ್ಟಿಗೆ ನಾನು ಕಡಬಕ್ಕೆ ಹೋಗಿ ಅಮ್ಮನ ಮೇಲೆ ಹರಿಹಾಯ್ದೆ. ಅವಳು ತೆಂಗಿನಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದಳು, ಕತ್ತಿ ಕೆಳಗಿಡಲಿಲ್ಲ.

"ಏನ್ಲೇ, ನೀನೂ ಸೈನ್ ಹಾಕ್ದೋಳೇ ತಾನೆ? ನನ್ ಮೇಲೇನ್ ಬರ್ತೀಯ?"

"ಹಾಕಿದೀನಿ. ಅದನ್ನ ಇಲ್ಲ ಅಂತಿಲ್ಲ. ಎರಡು ವರ್ಷ ಯಾಕೆ ಹೇಳ್ಲಿಲ್ಲ? ಅವತ್ತೇ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಅವಳು ಬ್ಯಾಡ ಅಂತಿದ್ಲು."

"ಅದಕ್ಕೇ ಕೇಳ್ಲಿಲ್ವಾ?"

"ಅದಕ್ಕೇಯ."

ನೋಡಿ, ಎಷ್ಟು ಸಲೀಸಾಗಿ ಬಂತು. "ಅವಳೇ ಒಪ್ಪಿದ್ದು" ಅಂತ ಊರಿಗೆಲ್ಲ ಹೇಳಿಕೊಂಡು ಬಂದವಳ ಬಾಯಲ್ಲೇ, ಬೇಡ ಅನ್ನುತ್ತಾಳೆ ಅಂತ ಗೊತ್ತಿದ್ದೇ ಕೇಳಲಿಲ್ಲ ಅಂತ. ಇದಾದ ಮೇಲೆ ಅಮ್ಮ ತಾನಾಗಿ ಇನ್ನೊಂದು ಹೇಳಿದಳು. "ಅವಳು ಹುಟ್ಟಿ ಕಣ್ಣಿಲ್ಲ ಅಂತ ಗೊತ್ತಾದಾಗ ನಾನು ಪಟ್ಟ ಪಾಡು ನಿಂಗೇನ್ ಗೊತ್ತು? ನೀನು ಹೊಟ್ಟೇಲಿದ್ದಾಗ ಎಲ್ರೂ ಹೇಳಿದ್ರು, ಇದೂ ಹಂಗೇ ಆದ್ರೆ ಏನ್ ಮಾಡ್ತೀಯ, ತೆಗೆಸ್ಬುಡು ಅಂತ. ನಾನು ಒಬ್ರ ಮಾತೂ ಕೇಳ್ಲಿಲ್ಲ. ಹೆತ್ತೆ."

"ಅಂದ್ರೆ ನಿನ್ನ ಎರಡನೇದು ನಿನ್ನಿಷ್ಟ. ಅವಳ ಎರಡನೇದು ನಮ್ಮಿಷ್ಟ?"

"ನಂಗೆ ಕಣ್ ಕಾಣ್ತಿತ್ತಲ್ಲೇ!"

ಅವಳು ಅದನ್ನು ಸೇಡಿನಿಂದ ಹೇಳಲಿಲ್ಲ, ಬೆಳಕಿದ್ದರೆ ಹಗಲು ಅನ್ನುವಷ್ಟು ಸಹಜವಾಗಿ ಹೇಳಿದಳು. ನನ್ನನ್ನು ಹೆದರಿಸಿದ್ದು ಅದೇ. ಅಮ್ಮನಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಅಕ್ಕನನ್ನು ಬೆನ್ನಿಗೆ ಕಟ್ಟಿಕೊಂಡು ತೋಟದ ಕೆಲಸ ಮಾಡಿ ಸಾಕಿದವಳು. ಆದರೆ ಆ ಪ್ರೀತಿಯ ಲೆಕ್ಕದಲ್ಲಿ ಅಕ್ಕ ಇನ್ನೂ ಬೆನ್ನ ಮೇಲೆಯೇ ಇದ್ದಾಳೆ.

ನನಗೆ ಕಾನೂನು ಗೊತ್ತಿರಲಿಲ್ಲವೇ ಅಂತ ಕೇಳಬಹುದು. ಗೊತ್ತಿತ್ತು, ಅದೇ ನಾಚಿಕೆಗೇಡು. ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಇಟ್ಟುಕೊಂಡು ತುಮಕೂರಿನ ಕಾಲೇಜುಗಳಲ್ಲಿ ನಾನು ಮಾತಾಡಿದ್ದೇನೆ. ರ‍್ಯಾಂಪ್, ಲಿಫ್ಟ್, ಕೆಲಸದಲ್ಲಿ ಮೀಸಲಾತಿ. ಇವಕ್ಕೆ ಚಪ್ಪಾಳೆ ಬೀಳುತ್ತದೆ. ಅದೇ ಕಾಯ್ದೆಯ ಹತ್ತನೇ ಸೆಕ್ಷನ್ ಇರುವುದು ಇದರ ಬಗ್ಗೆಯೇ. ಅಂಗವಿಕಲ ವ್ಯಕ್ತಿ ತಾನಾಗಿ, ತಿಳಿದು ಒಪ್ಪದ ಹೊರತು ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಅವರಿಗೆ ಮಾಡುವ ಹಾಗಿಲ್ಲ. ಎರಡೇ ಸಾಲು. ತಯಾರಿ ಮಾಡುವಾಗ ಓದಿ, ಇದನ್ನು ವೇದಿಕೆ ಮೇಲೆ ಹೇಳಿದರೆ ಮುಂದಿನ ಸಾಲಿನ ಲೆಕ್ಚರರ್‌ಗಳು ಮುಜುಗರ ಪಡುತ್ತಾರೆ ಅಂತ ದಾಟಿಸಿದ್ದೆ. ರ‍್ಯಾಂಪ್ ಕಟ್ಟಿಸಿ ಅನ್ನುವುದಕ್ಕೆ ಯಾರ ವಿರೋಧವೂ ಇಲ್ಲ. ಅದರ ಮೇಲೆ ಹತ್ತಿಕೊಂಡು ಬಂದವಳು ಗಂಡನ ಜೊತೆ ಮಲಗುತ್ತಾಳೆ, ಬಸುರಾಗುತ್ತಾಳೆ, ಬೇಕು ಅನ್ನುತ್ತಾಳೆ, ಬೇಡ ಅನ್ನುತ್ತಾಳೆ ಅಂದರೆ ಮಾತ್ರ ಎಲ್ಲರಿಗೂ ಕೆಮ್ಮು ಬರುತ್ತದೆ.

ಅಕ್ಕ ಏಳು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಫೋನ್ ಮಾಡಿದಳು. "ಕಂಪ್ಲೇಂಟ್ ಕೊಡ್ತಿದೀನಿ. ನರ್ಸಿಂಗ್ ಹೋಮಿನವರು ಆ ಒಪ್ಪಿಗೆ ಪತ್ರದ ಕಾಪಿ ಕೊಡ್ತೀವಿ ಅಂದವ್ರೆ. ಕೈಬರಹ ಜಾಸ್ತಿ ಇದೆಯಂತೆ, ಫೋನು ಓದಲ್ಲ. ನೀನು ಬಾ."

"ನಾನು ಸಾಕ್ಷಿ ಹೇಳ್ತೀನಿ ಅಕ್ಕ. ಬರೆದುಕೊಡ್ತೀನಿ, ನನ್ನ ಮೇಲೂ ಏನಾದ್ರೂ ಆಗ್ಲಿ..."

"ಅದು ಆಮೇಲೆ. ಅಲ್ಲಿ ನೀನು ಡಿಬೇಟ್ ಮಾಡ್ಬೇಡ. ಓದು, ಅಷ್ಟೇ."

ಡಾಕ್ಟರ್ ಮೇಡಂ ತಮ್ಮ ರೂಮಿನಲ್ಲೇ ಕೂರಿಸಿದರು. ಕಾಫಿ ತರಿಸಲೇ ಅಂತ ನನ್ನನ್ನು ಕೇಳಿದರು. "ಇವರಿಗೆ ಸಕ್ಕರೆ ಹಾಕ್ತೀರಾ?" ಅಂತಲೂ ನನ್ನನ್ನೇ ಕೇಳಿದರು. ಟ್ಯೂಬನ್ನು ಮತ್ತೆ ಜೋಡಿಸುವ ಆಪರೇಷನ್ ಇದೆ, ಆದರೆ ಗ್ಯಾರಂಟಿ ಇಲ್ಲ, ಬೆಂಗಳೂರಿನಲ್ಲಿ ವಿಚಾರಿಸಬಹುದು ಅಂತ ನನಗೆ ವಿವರಿಸಿದರು.

"ಓದು," ಅಂದಳು ಅಕ್ಕ.

ಓದಿದೆ. ಅವಳ ಹೆಸರು, ವಯಸ್ಸು. ಚಿಕಿತ್ಸೆಯ ಹೆಸರು. ಇದರ ಪರಿಣಾಮಗಳನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿದ್ದಾರೆ, ನಾನು ಸ್ವ ಇಚ್ಛೆಯಿಂದ ಒಪ್ಪಿದ್ದೇನೆ. ಎಡಗೈ ಹೆಬ್ಬೆಟ್ಟಿನ ಗುರುತು. ಸಾಕ್ಷಿ ಅನ್ನುವಲ್ಲಿ ನನ್ನ ಹೆಸರನ್ನೂ, ಸಂಬಂಧ ಅನ್ನುವಲ್ಲಿ "ತಂಗಿ" ಅನ್ನುವುದನ್ನೂ ಓದಿದೆ. ಉಸಿರು ತೆಗೆದುಕೊಂಡು, ಒಂದು ಸಾಲನ್ನೂ ದಾಟದೆ.

"ಯಾವ ಭಾಷೇಲಿ ತಿಳಿಸಿದ್ರಿ ಮೇಡಂ?" ಅಂದಳು ಅಕ್ಕ.

"ನೋಡಮ್ಮ, ಅದು ಎಮರ್ಜೆನ್ಸಿ. ನೀನು ನೋವಲ್ಲಿ ಒದ್ದಾಡ್ತಿದ್ದೆ. ಕೂತು ವಿವರಿಸೋಕೆ ಟೈಮ್ ಎಲ್ಲಿತ್ತು? ನಿಮ್ಮ ಮನೆಯವರನ್ನೇ ಕೇಳು."

"ಬೆನ್ನಿಗೆ ಇಂಜೆಕ್ಷನ್ ಕೊಟ್ರಿ. ಆಮೇಲೆ ನೋವೇ ಇರಲಿಲ್ಲ. ಪೂರ್ತಿ ಎಚ್ಚರ ಇದ್ದೆ."

ಇದು ನನಗೂ ಗೊತ್ತಿರಲಿಲ್ಲ. ಅವಳಿಗೆ ಪ್ರಜ್ಞೆ ಇರಲಿಲ್ಲ ಅಂತಲೇ ನಾನು ಇಷ್ಟು ದಿನ ನಂಬಿಕೊಂಡಿದ್ದೆ, ಅಥವಾ ನಂಬಿಕೊಳ್ಳುವುದು ಸುಲಭವಾಗಿತ್ತು.

"ನೀವು ನನ್ನ ತಲೆ ಹತ್ರ ಬಂದು ಮಾತಾಡಿಸಿದ್ರಿ," ಅಂದಳು. ದನಿ ಏರಲಿಲ್ಲ. "ಒಗ್ಗರಣೆ ಹೆಂಗೆ ಹಾಕ್ತೀಯ, ಸಾಸಿವೆ ಸಿಡಿದಿದ್ದು ಹೆಂಗೆ ಗೊತ್ತಾಗುತ್ತೆ ಅಂದ್ರಿ. ಹೇಳ್ದೆ. ಸೀರೆ ಬಣ್ಣ ಯಾರು ಆರಿಸ್ತಾರೆ ಅಂದ್ರಿ. ಹೇಳ್ದೆ. ಮಗು ಅತ್ತಾಗ ಹೆಣ್ಣು ಕಣಮ್ಮ, ಏನು ಹೆಸರಿಡ್ತೀಯ ಅಂದ್ರಿ, ಅದನ್ನೂ ಹೇಳ್ದೆ. ಚೆನ್ನಾಗಿದೆ ಅಂದ್ರಿ. ಮಗೂನ ಅಮ್ಮನ ಹತ್ರ ಕಳಿಸಿದ ಮೇಲೂ ನೀವು ಹೊಲಿಯೋದು ಮುಗಿಸೋವರೆಗೆ ಮಾತಾಡ್ತಾನೇ ಇದ್ವಿ."

ಮೇಡಂ ನನ್ನ ಕಡೆ ತಿರುಗಿದರು. ಅವರ ಕುರ್ಚಿ ಕಿರ್ರೆಂದಿತು.

"ಅವಳ ಮುಖ ನೋಡ್ಬೇಡಿ ಮೇಡಂ, ಅವಳು ಓದೋಕೆ ಬಂದವಳು. ನನಗೇ ಹೇಳಿ. ಒಗ್ಗರಣೆ ಕೇಳಿದ್ರಿ, ಸೀರೆ ಕೇಳಿದ್ರಿ, ಹೆಸರು ಕೇಳಿದ್ರಿ. ಇನ್ನೊಂದು ಮಗು ಬೇಕೇನಮ್ಮ ಅಂತ ಯಾಕೆ ಕೇಳಲಿಲ್ಲ?"